ಹಗೇವಿನ ಕಂದೀಲು

ಏಪ್ರಿಲ್ 20, ಭಾನುವಾರ. ಬೆಳಿಗ್ಗೆ

ಮತ್ತೆ ಮಾಳಿಗೆಯ ಮೇಲೆಯೇ ಮಲಗಿದ್ದು. ಮದುವೆಗೆ ಅಪ್ಪ ಕೊಡಿಸಿದ ಡಬಲ್ ಕಾಟ್ ಕೆಳಗೆ ನಮ್ಮ ಕೋಣೆಯಲ್ಲಿದೆ. ಅದರ ಪಕ್ಕ ಕಬ್ಬಿಣದ ಚೌಕಟ್ಟಿನಲ್ಲಿ ಆರು ಗ್ರಾಫಿಕ್ಸ್ ಕಾರ್ಡುಗಳು. ಅವು ಒಳಗೆ, ನಾವು ಹೊರಗೆ. ಹನಿಮೂನ್ ಅವುಗಳದ್ದೇ!

ಕುಷ್ಟಗಿಯ ಬಿಸಿಲು ಸಾಲದೆಂದು ಇವು ಬೇರೆ. ಕೋಣೆಯ ಬಾಗಿಲು ತೆಗೆದರೆ ಮಂಡಕ್ಕಿ ಭಟ್ಟಿಯ ಮುಂದೆ ನಿಂತ ಹಾಗೆ. ಹಗಲೂ ರಾತ್ರಿ ಲೆಕ್ಕ ಬಿಡಿಸುತ್ತವೆ. ಬಿಡಿಸಿದ್ದಕ್ಕೆ ನಾಣ್ಯ ಬೀಳುತ್ತದೆ — ಕಣ್ಣಿಗೆ ಕಾಣದ, ಫೋನಿನಲ್ಲಿ ಮಾತ್ರ ಇರುವ ನಾಣ್ಯ. ಬಿಟ್‌ಕಾಯಿನ್ ಅಲ್ಲ, ಅದು ಇವುಗಳ ಕೈಲಾಗದು. ಚಿಕ್ಕಪುಟ್ಟ ನಾಣ್ಯಗಳು, ಹೆಸರು ಇನ್ನೂ ನನ್ನ ಬಾಯಿಗೆ ಬಂದಿಲ್ಲ.

ಪ್ರಭು ಎದ್ದವನೇ ಮೊದಲು ಫೋನ್ ನೋಡಿದ. ಕಾರ್ಡುಗಳು ಎಂಬತ್ತಮೂರು ಡಿಗ್ರಿ. ಆಮೇಲೆ ನನ್ನ ಹಣೆ ಮುಟ್ಟಿ, "ನೀ ಎಷ್ಟ್ ಡಿಗ್ರಿ ಅದೀ?" ಅಂದ. ಕರಗಿಹೋದೆ.

ಈ ಡೈರಿಯಲ್ಲಿ ಮಾತ್ರ ಗಂಡನಿಗೆ ಏಕವಚನ. ಎದುರಿಗೆ 'ರೀ'. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಆದರೂ ಡೈರಿ ಕನ್ನಡದಲ್ಲಿ. ಪ್ರೀತಿಯನ್ನು ಇಂಗ್ಲಿಷಿನಲ್ಲಿ ಬರೆದರೆ ವಾಟ್ಸಾಪ್ ಸ್ಟೇಟಸ್ ಥರ ಕಾಣುತ್ತದೆ.

ಏಪ್ರಿಲ್ 24

ಜಹೀರ ಬಂದಿದ್ದ. ಪ್ರಭುವಿನ ಹೈಸ್ಕೂಲ್ ಗೆಳೆಯ, ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ. ಈ ನಾಣ್ಯ ತೆಗೆಯುವ ಮೈನಿಂಗಿಗೆಂದೇ ಮಾಡಿದ ಒಂದು ಪೆಟ್ಟಿಗೆ ತಂದಿದ್ದ, ಕಾರ್ಡುಗಳ ಬದಲು ಇದನ್ನೇ ಇಟ್ಟುಕೊಳ್ಳಬಹುದಾ ನೋಡಲು. ಸ್ವಿಚ್ ಹಾಕಿದ್ದೇ ತಡ, ಏನು ಸದ್ದು! ಅತ್ತೆ ಅಡುಗೆಮನೆಯಿಂದ ಓಡಿಬಂದು, ಮನೆಯೊಳಗೆ ಹಿಟ್ಟಿನ ಗಿರಣಿ ಯಾರು ಹಾಕಿದರು ಅಂತ ಕೇಳಿದರು. ಜಹೀರ ತಕ್ಷಣ ಆರಿಸಿ ಚೀಲಕ್ಕೆ ಹಾಕಿಕೊಂಡ.

ಹಾಗಾಗಿ ಕಾರ್ಡುಗಳೇ ಸೈ. ಸದ್ದು ಕಡಿಮೆ, ಬೇಡವಾದರೆ ಗೇಮ್ ಆಡುವ ಹುಡುಗರಿಗೆ ಮಾರಬಹುದು. ಹುಬ್ಬಳ್ಳಿಯಿಂದ ಇನ್ನೆರಡು ಸೆಕೆಂಡ್ ಹ್ಯಾಂಡ್ ಬಂದಿವೆ. ಪ್ರಭು ಒಂದೊಂದನ್ನೂ ಬಿಚ್ಚಿ, ಫ್ಯಾನ್ ಬೆರಳಲ್ಲಿ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದ. ಜಹೀರ ನನ್ನ ಕಡೆ ತಿರುಗಿ, "ವೈನಿಯವರ, ನಿಮ್ಮನ್ನ ನೋಡಾಕ ಬಂದಾಗ ಹತ್ತ್ ಮಿನಿಟಿನ್ಯಾಗ ಹೂಂ ಅಂದಾನ. ಈ ಕಾರ್ಡಿಗೆ ಮೂರ್ ದಿನದಿಂದ ನನ್ನ ತಲಿ ತಿನ್ನಾಕತ್ಯಾನ" ಅಂದ.

ಚಿಪ್ಪಿನ ಮೇಲಿನ ಹಳೆ ಪೇಸ್ಟ್ ಒಣಗಿ ಹಪ್ಪಳವಾಗಿತ್ತು. ಕೆರೆದು ತೆಗೆದು ಹೊಸದು ಹಚ್ಚಿದ್ದು ನಾನೇ! ಕಡಲೆಕಾಳಿನಷ್ಟು ಇಟ್ಟು ಒತ್ತಬೇಕು. ಶಾಖ ಚಿಪ್ಪಿನಿಂದ ಲೋಹಕ್ಕೆ ಹರಿಯಬೇಕು, ನಡುವೆ ಗಾಳಿ ಸಿಕ್ಕಿಕೊಳ್ಳಬಾರದು. ಗಾಳಿ ಕಾಣುವುದಿಲ್ಲ, ಅದೇ ಅದರ ಕಿತಾಪತಿ ಅಂದ ಪ್ರಭು.

ಮೇ 2

ಮಧ್ಯಾಹ್ನ ಎರಡು ಕಾರ್ಡು ತಾವಾಗಿಯೇ ಬಂದ್. ಕಾವು ತಡೆಯಲಾಗದೆ. ಟೇಬಲ್ ಫ್ಯಾನ್ ಇಟ್ಟ, ಕಿಟಕಿಗೆ ಎಕ್ಸಾಸ್ಟ್ ಹಾಕಿದ, ಊಹೂಂ. ಹೊರಗಿನ ಗಾಳಿಯೇ ಬೆಂಕಿ, ಅದನ್ನು ಎಳೆದುಕೊಂಡು ಏನು ಮಾಡುವುದು. ಎಸಿ ಹಾಕಿದರೆ ಇಡೀ ಮನೆಯ ಲೈನ್ ಟ್ರಿಪ್. ಪ್ರಭು ಗಾಳಿಯಂತ್ರದ ಕಂಪನಿಯಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್. ಅಷ್ಟೆತ್ತರದ ರೆಕ್ಕೆ ತಿರುಗಿಸುವವನಿಗೆ ಒಂದು ಕೋಣೆ ತಣ್ಣಗೆ ಮಾಡಲು ಆಗುತ್ತಿಲ್ಲ ಎಂದು ಮುಖ ಸಣ್ಣದು ಮಾಡಿಕೊಂಡು ಕೂತಿದ್ದ.

ರೊಟ್ಟಿ ಬಡಿಯುತ್ತಿದ್ದ ಅತ್ತೆ ತಲೆ ಎತ್ತದೆ ಅಂದರು: "ಅಷ್ಟ್ ತಂಪು ಬೇಕಂದ್ರ ಒಯ್ದು ಹಗೇವಿನಾಗ ಇಡು. ವರ್ಷಗಟ್ಲೆ ಜ್ವಾಳ ತಣ್ಣಗಿದ್ವು. ನಿನ್ನ ಪೆಟಗಿ ಇರೂದಿಲ್ಲೇನು?"

ಚೇಷ್ಟೆಗೆ ಅಂದದ್ದು. ಪ್ರಭುವಿನ ಕೈಯಲ್ಲಿ ತುತ್ತು ಹಾಗೇ ನಿಂತಿತು. ಅತ್ತೆ ಆಮೇಲೆ ನಾಲ್ಕು ಸಲ 'ನಾ ನಗ್ಚಾಟಿಕಿಗೆ ಅಂದೆ' ಅಂದರೂ ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಹಗೇವು ಅಂದರೆ ನನಗೆ ಗೊತ್ತೇ ಇರಲಿಲ್ಲ! ಗಂಗಾವತಿಯಲ್ಲಿ ನಮ್ಮದು ಭತ್ತ, ಗೋಡೌನ್, ಮಿಲ್ಲು. ಇಲ್ಲಿಯವರು ಜೋಳವನ್ನು ನೆಲದೊಳಗೆ ಹೂಳುತ್ತಿದ್ದರಂತೆ. ಹಿತ್ತಲಲ್ಲಿ ನಾನು ದಿನಾ ಬಟ್ಟೆ ಒಗೆಯುವ ಚಪ್ಪಡಿಯ ಪಕ್ಕದ ಇನ್ನೊಂದು ಚಪ್ಪಡಿ — ಅದರ ಕೆಳಗೇ ಇದೆ. ಎರಡಾಳು ಆಳ. ಬಾಯಿ ಕಿರಿದು, ಹೊಟ್ಟೆ ಅಗಲ, ಹೂಜಿಯ ಹಾಗೆ. ಮಾವನವರು ತೀರಿದ ಮೇಲೆ ತೆರೆದೇ ಇಲ್ಲವಂತೆ.

ಮೇ 4, ಭಾನುವಾರ

ಇಂದು ತೆರೆದರು. ಬರೆಯುತ್ತಿರುವುದು ಅದರ ಬಾಯಿಯ ಪಕ್ಕದಲ್ಲೇ ಕುಳಿತು. ನನಗೆ ಡ್ಯೂಟಿ!

ಅತ್ತೆಯ ನಿಯಮಗಳು ಎಷ್ಟು ಮುದ್ದಾಗಿವೆ ಅಂದರೆ — ಬೆಳಿಗ್ಗೆಯೇ ಚಪ್ಪಡಿ ಸರಿಸಿ ಬಿಡಬೇಕು. ತಕ್ಷಣ ಇಳಿಯುವ ಹಾಗಿಲ್ಲ. ಮಧ್ಯಾಹ್ನ ಹಗ್ಗಕ್ಕೆ ಕಂದೀಲು ಕಟ್ಟಿ ತಳದವರೆಗೆ ಇಳಿಬಿಡಬೇಕು. ಅದು ಉರಿಯುತ್ತಲೇ ಇದ್ದರೆ ಒಬ್ಬರು ಇಳಿಯಬಹುದು. ಇನ್ನೊಬ್ಬರು ಬಾಯಿಯ ಹತ್ತಿರ ಕೂತು ಕರೆಯುತ್ತಿರಬೇಕು. ಕೆಳಗಿದ್ದವರು ಹೂಂ ಅನ್ನಬೇಕು.

ನಾನು ಇದನ್ನು ಪೂಜೆ ಅಂದುಕೊಂಡು ವಿಡಿಯೋ ಮಾಡುತ್ತಿದ್ದೆ. ಅತ್ತೆ ನನ್ನ ಫೋನ್ ಕೆಳಗಿಳಿಸಿದರು. ಅವರ ಕಣ್ಣಿಗೆ ಪೊರೆ ಬಂದಿದೆ, ಮುಖ ನೋಡದೆ ದನಿಯ ಕಡೆ ನೋಡಿ ಮಾತಾಡುತ್ತಾರೆ.

"ಇದು ಆಟ ಅಲ್ಲ ಮಲ್ಲವ್ವ. ಮುಚ್ಚಿದ ಹಗೇವಿನಾಗ ಗಾಳಿ ಕೆಟ್ಟಿರತೈತಿ. ವಾಸನಿ ಇರಂಗಿಲ್ಲ, ಕಣ್ಣಿಗೆ ಕಾಣಂಗಿಲ್ಲ. ದೀಪಕ್ಕಷ್ಟ ಗೊತ್ತಾಗತೈತಿ. ದೀಪ ಆರಿತಂದ್ರ ಒಳಗ ಬಂಗಾರ ಇದ್ರೂ ಇಳೀಬಾರ್ದು."

ಅವರ ತವರು ತಳಕಲ್‌ನಲ್ಲಿ ದೀಪ ಬಿಡದೆ ಒಬ್ಬ ಇಳಿದನಂತೆ. ಅವನನ್ನು ಎತ್ತಲು ಅವನ ತಮ್ಮ ಇಳಿದನಂತೆ. ಇಬ್ಬರನ್ನೂ ಹಗ್ಗ ಹಾಕಿ ಎಳೆದರಂತೆ. ಅತ್ತೆ ಆಗ ಲಂಗ ಉಡುವ ವಯಸ್ಸು. ಇಬ್ಬರ ಮುಖವೂ ಮಲಗಿದವರ ಹಾಗೆಯೇ ಇತ್ತು ಅಂದರು.

ಕಂದೀಲು ಉರಿಯಿತು. ಪ್ರಭು ಏಣಿ ಬಿಟ್ಟು ಇಳಿದ. ಈಗ ಕೆಳಗೆ ಟೇಪ್ ಹಿಡಿದು ಅಳೆಯುತ್ತಿದ್ದಾನೆ. ತಳದಲ್ಲಿ ಹಳೆ ಜೋಳದ ಸದೆ, ಸೊಪ್ಪೆ — ಕಸ, ಒಣ ದಂಟು — ಮೊಣಕಾಲುದ್ದ ಇದೆಯಂತೆ. ತಂಪೋ ತಂಪು ಅನ್ನುತ್ತಿದ್ದಾನೆ.

ರೀ?

ಹೂಂ ಅಂದ. ನೆಲದೊಳಗಿಂದ ಬರುವ ಹೂಂ ಎಷ್ಟು ಚೆಂದ. ಮತ್ತೆ ಕರೆಯುತ್ತೇನೆ.

ಮೇ 11

ಎಲ್ಲಾ ಕೆಳಗೆ ಹೋಯಿತು. ಚೌಕಟ್ಟು ಬಾಯಿಯಲ್ಲಿ ಹಿಡಿಯಲಿಲ್ಲ. ಬಿಚ್ಚಿ ಒಳಗೆ ಜೋಡಿಸಿದರು. ಕಾರ್ಡುಗಳು ಒಂದೊಂದಾಗಿ ರೊಟ್ಟಿ ಬುಟ್ಟಿಯಲ್ಲಿ, ನನ್ನ ಹಳೆ ದುಪಟ್ಟಾದಲ್ಲಿ ಸುತ್ತಿಕೊಂಡು. ಜಹೀರ ಮೇಲಿಂದ ಹಗ್ಗ ಬಿಡುತ್ತ ತೊಟ್ಟಿಲು ತೂಗಿದ ಹಾಗೆ ಜೋಗುಳದ ರಾಗ ತೆಗೆದ.

ಒಂದು ದಪ್ಪ ಪೈಪು ಗಾಳಿ ಒಳಗೆ ಬಿಡುತ್ತದೆ. ಬಾಯಿಗೆ ಅರ್ಧ ಹಲಗೆ, ಅದರಲ್ಲಿ ದೊಡ್ಡ ಎಕ್ಸಾಸ್ಟ್ ಫ್ಯಾನ್, ಬಿಸಿಗಾಳಿ ಮೇಲೆಳೆಯುತ್ತದೆ. ಐವತ್ತೆಂಟು ಡಿಗ್ರಿ! ಪ್ರಭು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ, ಹಿತ್ತಲಲ್ಲೇ, ಅತ್ತೆ ಇದ್ದಾಗಲೇ!

ನಮ್ಮ ಕೋಣೆ ನಮಗೆ ವಾಪಸ್. ಇನ್ನು ಬರೆಯುವುದಿಲ್ಲ.

ಪಕ್ಕದ ಮನೆಯ ಸರ್ದಾರಬೀ ಗೋಡೆಯಾಚೆಯಿಂದ ಇಣುಕಿ, ನಿಮ್ಮ ಹಗೇವಿನಲ್ಲಿ ಏನು ಗುಂಯ್‌ಗುಡುತ್ತದೆ, ನಿಧಿ ಸಿಕ್ಕಿತೇ ಅಂತ ಕೇಳಿದರು. ಅತ್ತೆ, "ನನ್ನ ಮಗನ ಹುಚ್ಚು ಸಿಕ್ಕೈತಿ, ತಗೊಂಡ್ ಹೋಗ್ತೀಯೇನ್" ಅಂದರು.

ಮೇ 29

ಬಾಯಿಯ ಹತ್ತಿರ ಕುಳಿತು. ಪ್ರಭು ಕೆಳಗೆ.

ಎಪ್ಪತ್ತೊಂದಕ್ಕೆ ಏರಿದೆ. ಎರಡು ವಾರ ಎಂಟು ಕಾರ್ಡು ಕಾಯಿಸಿದ ಮೇಲೆ ಮಣ್ಣಿನ ಗೋಡೆಯೇ ಬೆಚ್ಚಗಾಗಿದೆ. ಅದಕ್ಕೇ ಇಂದು ಕೂಲರ್ ಇಳಿಸುತ್ತಿದ್ದಾರೆ — ಹುಲ್ಲಿನ ಪರದೆಯ, ನೀರು ಹನಿಯುವ ಸಣ್ಣ ಕೂಲರ್. ಗಾಳಿ ಪೈಪಿನ ಬಾಯಿಗೆ ಕಟ್ಟುವುದು. ಕಾರ್ಡಿಗೆ ತೇವ ತಾಗದ ಹಾಗೆ ದೂರ ಇಟ್ಟಿದ್ದೇನೆ ಅನ್ನುತ್ತಾನೆ. ನೀರು ಸ್ವಲ್ಪ ಕೆಳಗೆ ಸುರಿಯುತ್ತದೆ, ಸೊಪ್ಪೆ ಹೀರಿಕೊಳ್ಳುತ್ತದೆ ಬಿಡು ಅಂದ.

ಅತ್ತೆಗೆ ಅದು ಹಿಡಿಸಲಿಲ್ಲ. ಹಗೇವಿಗೆ ನೀರು ತೋರಿಸಬಾರದಂತೆ, ಕಾಳು ಕೊಳೆತರೆ ಕಾವು ಏಳುತ್ತದಂತೆ, ಗಾಳಿ ಕೆಡುತ್ತದಂತೆ. ಸದೆಯನ್ನಾದರೂ ಎತ್ತಿ ಹಾಕು ಅಂದರು. ಪ್ರಭು ಬರುವ ಭಾನುವಾರ ಅಂದ.

ಅವನ ಹೂಂ ಇವತ್ತು ಫ್ಯಾನಿನ ಸದ್ದಿನಲ್ಲಿ ಸರಿಯಾಗಿ ಕೇಳುತ್ತಿಲ್ಲ. ನಾನು ಮೂರು ಥರ ಕರೆದೆ. ಕೊನೆಯದನ್ನು ಇಲ್ಲಿ ಬರೆಯಲಾರೆ.

ಜೂನ್ 8, ಭಾನುವಾರ

ಜಗಳ. ನಮ್ಮದಲ್ಲ — ಅಮ್ಮ ಮಗನದ್ದು.

ನಿನ್ನೆಯ ಗಾಳಿಮಳೆಗೆ ಕರೆಂಟ್ ಹೋಗಿ ಬೆಳಿಗ್ಗೆಯಾದರೂ ಬಂದಿರಲಿಲ್ಲ. ಮಳೆ ನೀರು ಬೀಳದಿರಲೆಂದು ಬಾಯಿಗೆ ಚಪ್ಪಡಿ ಎಳೆದಿದ್ದೆವು. ಕರೆಂಟ್ ಇಲ್ಲದಿರುವಾಗಲೇ ಒಂದು ವೈರ್ ಬದಲಿಸಿಬಿಡುತ್ತೇನೆ ಎಂದು ಪ್ರಭು ಏಣಿ ತಂದ. ಅತ್ತೆ ಕಂದೀಲು ಬಿಟ್ಟರು. ಅರ್ಧಕ್ಕೆ ಹೋಗುವಷ್ಟರಲ್ಲಿ ಪುಸಕ್ಕನೆ ಆರಿತು. ಮತ್ತೆ ಹಚ್ಚಿ ಬಿಟ್ಟರು. ಮತ್ತೆ ಆರಿತು.

ಅತ್ತೆ ಏಣಿಯ ಮೇಲಿನ ಮೆಟ್ಟಿಲಿಗೆ ಅಡ್ಡ ಕೂತುಬಿಟ್ಟರು. ಪ್ರಭು ಎಷ್ಟೋ ಹೇಳಿದ — ಎಣ್ಣೆಯಲ್ಲಿ ನೀರು ಸೇರಿದೆ, ಬತ್ತಿ ಹಳೆಯದು, ಇದೆಲ್ಲ ಬಾಯಿ ಮುಚ್ಚಿದ ಹಗೇವಿನ ಮಾತು, ಇಲ್ಲಿ ಫ್ಯಾನ್ ಇದೆ.

"ಫ್ಯಾನ್ ಈಗ ಎಲ್ಲಿ ತಿರಗಾಕತ್ತೈತಪಾ?" ಅಂದರು ಅತ್ತೆ.

ಅಷ್ಟೇ. ಅವನು ಉಣ್ಣದೆ ಹೊರಗೆ ಹೋದ. ಮಧ್ಯಾಹ್ನ ಕರೆಂಟ್ ಬಂತು, ಫ್ಯಾನ್ ತಿರುಗಿತು, ಸ್ವಲ್ಪ ಹೊತ್ತಿಗೆ ಕಂದೀಲು ತಳದಲ್ಲೂ ಉರಿಯಿತು. ಇಳಿದ, ಕೆಲಸ ಮುಗಿಸಿದ. ಮೇಲೆ ಬಂದವನೇ, ಕಂದೀಲಿನ ಮಸಿಯೆಲ್ಲ ಕಾರ್ಡಿನ ಫ್ಯಾನಿಗೆ ಕೂಡುತ್ತಿದೆ, ಅಷ್ಟು ವೈರ್ ಇರುವಲ್ಲಿ ಬೆಂಕಿ ಬಿಡುವುದು ಅಂದರೇನು ಎಂದು ನನ್ನ ಹತ್ತಿರ ಗೊಣಗಿದ. ಇಬ್ಬರೂ ಸರಿ ಅನ್ನಿಸಿತು. ಹೊಸ ಸೊಸೆಗೆ ಇದೇ ಕಷ್ಟ.

ಸದೆ ಎತ್ತುವುದು ಇಂದೂ ಆಗಲಿಲ್ಲ.

ಜೂನ್ 25

ನಾಳೆಯಿಂದ ಆಷಾಢ. ಅಣ್ಣ ಕರೆಯಲು ಬಂದಿದ್ದಾನೆ. ಒಂದು ತಿಂಗಳು, ಅದರ ಮೇಲೆ ಪಂಚಮಿಯವರೆಗೂ ಗಂಗಾವತಿಯಲ್ಲೇ. ಯಾರು ಮಾಡಿದರೋ ಈ ಪದ್ಧತಿ, ಅವರಿಗೆ ಮದುವೆಯಾಗಿರಲಿಲ್ಲ ಅನ್ನಿಸುತ್ತದೆ.

ನಾನಿಲ್ಲದಾಗ ಹಗೇವಿನ ಬಾಯಲ್ಲಿ ಯಾರು ಕೂಡುತ್ತಾರೆ? ಅತ್ತೆ ಕೂಡುತ್ತಾರಂತೆ. ಅತ್ತೆ ಇಲ್ಲದೆ ಇಳಿಯುವುದಿಲ್ಲ ಎಂದು ಅವನಿಂದ ಆಣೆ ಹಾಕಿಸಿಕೊಂಡೆ. ನನ್ನ ತಲೆಯ ಮೇಲೆ ಕೈ ಇಟ್ಟು ಹಾಕಿದ. ಕೈ ಬೆಚ್ಚಗಿತ್ತು.

ಜುಲೈ 13. ಗಂಗಾವತಿ

ಬೇಜಾರು ಬೇಜಾರು ಬೇಜಾರು. ಡೈರಿ ಬರೆಯಲೂ ಹಗೇವಿನ ಬಾಯಿಯೇ ಬೇಕೇನೋ.

ವಿಡಿಯೋ ಕಾಲಿನಲ್ಲಿ ಪ್ರಭು ಕಂಗಾಲು. ಸೀಮೆಎಣ್ಣೆಯ ಕೊನೆಯ ಬಾಟಲಿ ಮುಗಿದಿದೆ, ರೇಷನ್‌ನಲ್ಲಿ ಈಗ ಸಿಗುವುದಿಲ್ಲ. ಕಂದೀಲು ಇಲ್ಲದೆ ಅತ್ತೆ ಇಳಿಯಗೊಡುತ್ತಿಲ್ಲ. ಮೊಬೈಲ್ ಟಾರ್ಚ್ ತೋರಿಸಿದರೆ, ಅದು ದೀಪವಲ್ಲ ಅಂದರಂತೆ. ಎಂಟು ದಿನದಿಂದ ಕೂಲರಿನ ತೊಟ್ಟಿ ತೊಳೆದಿಲ್ಲ, ಒಂದು ಕಾರ್ಡು ನಿಂತುಹೋಗಿದೆ.

ಆಗ ನನಗೆ ಹೊಳೆಯಿತು! ಎಷ್ಟು ಸುಲಭ! ಆನ್‌ಲೈನಿನಲ್ಲಿ ಥೇಟ್ ಕಂದೀಲಿನ ಹಾಗೇ ಇರುವುದು ಸಿಗುತ್ತದೆ — ತಗಡಿನ ಬುಡ, ಗಾಜು, ಹಿಡಿಕೆ, ಒಳಗೆ ಎಲ್‌ಇಡಿ, ಉರಿಯ ಹಾಗೇ ಅಲುಗಾಡುತ್ತದೆ. ಬ್ಯಾಟರಿ. ಮಸಿ ಇಲ್ಲ, ಬೆಂಕಿ ಇಲ್ಲ, ಎಣ್ಣೆ ಬೇಡ. ಅತ್ತೆಗೆ ಅವರ ಕಂದೀಲು, ಪ್ರಭುವಿಗೆ ಅವನ ಕಾರ್ಡು. ಇಬ್ಬರೂ ಖುಷಿ. ಆರ್ಡರ್ ಮಾಡಿದೆ.

ಅವನು ಫೋನಿಗೆ ಮುತ್ತು ಕೊಟ್ಟ. "ನನ್ನ ಹೇಣ್ತಿ ಭಾಳ ಶಾಣ್ಯಾಕಿ" ಅಂದ. ಹತ್ತು ಸಲ ನೆನೆಸಿಕೊಂಡೆ.

ಜುಲೈ 31

ಬಂದೆ! ಮನೆಗೆ. ನನ್ನ ಮನೆ ಅಂತ ಬರೆಯಲು ಎಷ್ಟು ಸುಖ.

ಕಂದೀಲನ್ನು ಅತ್ತೆಯ ಕೈಗೆ ಕೊಟ್ಟೆ. ಸ್ವಿಚ್ ಒತ್ತಿದ್ದೆ, ಉರಿಯುತ್ತಿತ್ತು. ಅವರು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಪೊರೆ ಈಗ ಇನ್ನೂ ಗಟ್ಟಿಯಾಗಿದೆ, ಬೆಳಕು ಮಾತ್ರ ಕಾಣುತ್ತದಂತೆ. "ಭಾಳ ಛಲೋ ಬೆಳಕೈತಿ ಯವ್ವಾ. ಎಣ್ಣಿ ಎಲ್ಲಿ ಸಿಕ್ಕಿತು?"

ಹೇಳಬೇಕೆಂದು ಬಾಯಿ ತೆರೆದೆ. ಹಿಂದಿನಿಂದ ಪ್ರಭು ಕಣ್ಣು ಹೊಡೆದು, ಗಂಗಾವತಿಯಲ್ಲಿ ಎಲ್ಲಾ ಸಿಗುತ್ತದೆ ಅಂದ. ನಾನು ನಕ್ಕೆ. ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ.

ಆಮೇಲೆ ಅತ್ತೆ ತಾವೇ ಹಗ್ಗ ಕಟ್ಟಿ ಇಳಿಬಿಟ್ಟರು. ಬಗ್ಗಿ ನೋಡಿದರು. ಉರಿಯುತ್ತಿತ್ತು, ಉರಿಯದೆ ಏನು. ಕೈ ಮುಗಿದು, "ಇಳಿಯಪಾ" ಅಂದರು. ಅವರು ಕೈ ಮುಗಿದಾಗ ನಾನು ಹಗ್ಗದ ಗಂಟನ್ನೇ ನೋಡುತ್ತ ನಿಂತೆ. ಪ್ರಯಾಣದ ಸುಸ್ತು ಇರಬೇಕು.

ಫ್ಯಾನ್ ಗಿರ್ರನೆ ತಿರುಗುತ್ತಿತ್ತು. ಏನೂ ಆಗಲಿಲ್ಲ. ಏನಾಗಬೇಕಿತ್ತು?

ಆಗಸ್ಟ್ 4, ಶ್ರಾವಣ ಸೋಮವಾರ

ಮೊದಲ ಸಲ ನಾನೇ ಇಳಿದೆ! ಮೆಷೀನಿಗೆ ಶ್ರಾವಣದ ಪೂಜೆ ಮಾಡಬೇಕೆಂದು ಹಟ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಳಗೆ ಪ್ರಭು ಏಣಿ ಹಿಡಿದು.

ಒಳಗೆ ಬೇರೆ ಲೋಕ. ಕಾರ್ಡುಗಳ ನೀಲಿ ಹಸಿರು ದೀಪ, ಗುಂಯ್ ಅನ್ನುವ ಸದ್ದು, ಕಾಲ ಕೆಳಗೆ ಒದ್ದೆ ಸೊಪ್ಪೆ ಮೆತ್ತಗೆ. ಹುಳಿ ವಾಸನೆ, ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಉಬ್ಬಿದ ಹಾಗೆ. ಹಸಿವಾಯಿತು! ಸೊಪ್ಪೆಯೊಳಗೆ ಕೈ ಇಟ್ಟರೆ ಬಿಸಿ.

ಕುಂಕುಮ ಇಟ್ಟೆ, ಹೂ ಇಟ್ಟೆ. ಊದುಬತ್ತಿ ಹಚ್ಚಲು ಆಗಲಿಲ್ಲ. ಕಡ್ಡಿ ಗೀರಿದರೆ ಭುಗ್ ಅಂದು ಆರಿಹೋಗುತ್ತದೆ. ಇನ್ನೊಂದು. ಅದೂ. ಪೈಪಿನ ಗಾಳಿಗೆ ಎಂದ ಪ್ರಭು. ಬೆನ್ನು ತಿರುಗಿಸಿ ಗೀರಿದೆ. ಅದೂ ಅಷ್ಟೇ.

ಮೇಲೆ ಬರುವಾಗ ತಲೆ ತಿರುಗಿ ಏಣಿಯ ನಡುವೆ ನಿಂತೆ. ಪ್ರಭು ಕೆಳಗಿಂದ ತಳ್ಳಿದ. ಹಿತ್ತಲಲ್ಲಿ ಕೂತು ವಾಂತಿ ಬಂದ ಹಾಗೆ, ತಲೆ ಸಿಡಿತ. ಅತ್ತೆ ಬೆನ್ನು ನೀವಿದರು, ಏನೋ ಲೆಕ್ಕ ಹಾಕಿದರು, ಅವರ ಮುಖ ಅರಳಿತು. ನನ್ನದೂ. ಓ ಮೈ ಗಾಡ್. ಇರಬಹುದಾ?

ಪ್ರಭು ಹಣೆ ಒತ್ತಿಕೊಳ್ಳುತ್ತ, "ತಲಿ ನೂಸೂದು, ತಲಿ ತಿರಗೂದು ನಂಗೂ ಐತಿ. ಹಂಗಾದ್ರ ನಂಗೂ ದಿನ ತುಂಬ್ಯಾವೇನು ನೋಡವ್ವಾ" ಅಂದ. ಅತ್ತೆ ಸೌಟು ಎಸೆದರು. ನಕ್ಕು ನಕ್ಕು ತಲೆನೋವು ಇನ್ನೂ ಹೆಚ್ಚಾಯಿತು.

ಆಗಸ್ಟ್ 9

ಅಲ್ಲ. ಇವತ್ತು ಗೊತ್ತಾಯಿತು.

ಅತ್ತೆ ಬಿಸಿ ರೊಟ್ಟಿಗೆ ಬೆಣ್ಣೆ ಜಾಸ್ತಿ ಹಾಕಿದರು. ಪ್ರಭು ಬೇಗ ಬಂದ, ಮಿರ್ಚಿ ತಂದ.

ಹಾಗಾದರೆ ಅಂದು ತಲೆ ಯಾಕೆ ತಿರುಗಿತು? ಬಿಡು. ಬೇಜಾರಾದಾಗ ಏನೇನೋ ಯೋಚನೆ.

ಆಗಸ್ಟ್ 14

ಅತ್ತೆಯ ಕಣ್ಣಿನ ಆಪರೇಷನ್ ಕೊಪ್ಪಳದಲ್ಲಿ ಆಯಿತು. ಜಹೀರನ ಕಾರಿನಲ್ಲಿ ಹೋಗಿ ಬಂದೆವು. ಇಂದು ಪಟ್ಟಿ ಬಿಚ್ಚಿ ಕರಿ ಕನ್ನಡಕ ಕೊಟ್ಟರು. ಮೊದಲು ನನ್ನ ಮುಖ ಹಿಡಿದು ನೋಡಿದರು, ತುಂಬಾ ಹೊತ್ತು. ನಾಲ್ಕು ತಿಂಗಳಿಂದ ದನಿ ಮಾತ್ರ ಗೊತ್ತಿದ್ದ ಸೊಸೆ! "ಇಷ್ಟ್ ಸಣ್ ಹುಡುಗಿ ಅದೀಯೇನವ್ವಾ" ಅಂದರು. ಅತ್ತುಬಿಟ್ಟೆ.

ಒಂದು ವಾರ ಬಗ್ಗಬಾರದು, ಹೊಗೆಯ ಹತ್ತಿರ ಹೋಗಬಾರದು, ಭಾರ ಎತ್ತಬಾರದು. ಹಗೇವಿನ ಡ್ಯೂಟಿ ಪೂರ್ತಿ ನನ್ನದು.

ಸದೆ ಎತ್ತಿ ಹಾಕಿದ್ದೀಯೇನು ಅಂತ ಅತ್ತೆ ದಾರಿಯಲ್ಲಿ ಕೇಳಿದರು. ಬರುವ ಭಾನುವಾರ ಅಂದ ಪ್ರಭು.

ಆಗಸ್ಟ್ 17, ಭಾನುವಾರ. ಬೆಳಿಗ್ಗೆ 10

ನಿನ್ನೆ ಸಂಜೆಯಿಂದ ಕರೆಂಟಿಲ್ಲ. ಲೈನ್ ಕೆಲಸವಂತೆ. ರಾತ್ರಿಯೆಲ್ಲ ಜಿಟಿಜಿಟಿ ಮಳೆ, ಹಗೇವಿಗೆ ಚಪ್ಪಡಿ ಎಳೆದಿದ್ದೆವು. ಈಗ ಬಿಸಿಲು. ಎಷ್ಟು ಚೆಂದದ ಬೆಳಗು.

ಕರೆಂಟ್ ಮಧ್ಯಾಹ್ನಕ್ಕೆ ಬರುತ್ತದೆ ಎಂದು ಮೆಸೇಜ್. ಬರುವುದರೊಳಗೆ ನಿಂತ ಕಾರ್ಡಿನ ಫ್ಯಾನ್ ಬದಲಿಸಬೇಕೆಂದು ಪ್ರಭುವಿನ ಅವಸರ. ಜಹೀರ ಹೊಸ ಫ್ಯಾನ್ ಕಳಿಸಿದ್ದಾನೆ. ಚಪ್ಪಡಿ ಈಗ ತಾನೇ ಸರಿಸಿದೆವು. ಹುಳಿ ವಾಸನೆ ಮುಖಕ್ಕೆ ಬಡಿಯಿತು.

ಸ್ವಲ್ಪ ಹೊತ್ತು ಬಿಡಬೇಕಲ್ಲವಾ ಅಂದೆ. ಒಂದು ಫ್ಯಾನ್, ನಾಲ್ಕು ಸ್ಕ್ರೂ, ಹೋಗಿ ಬಂದುಬಿಡುತ್ತೇನೆ ಅಂದ. ಅತ್ತೆ ಜಳಕಕ್ಕೆ ಹೋಗಿದ್ದಾರೆ. ಒಳಗಿಂದಲೇ ಕೂಗಿ ಕೇಳಿದರು: "ದೀಪ ಬಿಟ್ಟ್ ನೋಡೀರೇನು?"

ಬಿಟ್ಟಿದ್ದೇವೆ ಅತ್ತಿ, ಉರಿಯುತ್ತಿದೆ ಅಂತ ನಾನೇ ಹೇಳಿದೆ. ಬಿಟ್ಟಿದ್ದು ನಿಜ. ಉರಿಯುತ್ತಿರುವುದೂ ನಿಜ.

ಇಳಿದ. ಇಳಿಯುವ ಮುಂಚೆ ನನ್ನ ಮೂಗು ಹಿಂಡಿದ.

ನಾನು ಎಂದಿನ ಕಲ್ಲಿನ ಮೇಲೆ. ಡೈರಿ ತೊಡೆಯ ಮೇಲೆ. ರೀ? ಹೂಂ.

ಫ್ಯಾನ್ ಇಲ್ಲದೆ ಇವತ್ತು ಎಷ್ಟು ನಿಶ್ಶಬ್ದ. ಸ್ಕ್ರೂಡ್ರೈವರ್ ಸದ್ದು ಕೂಡ ಕೇಳುತ್ತಿದೆ. ಅವನು ಏನೋ ಹಾಡು ಗುನುಗುತ್ತಿದ್ದಾನೆ. ಸ್ಕ್ರೂ ಬಿದ್ದು ಸೊಪ್ಪೆಯಲ್ಲಿ ಕಳೆದುಹೋಯಿತಂತೆ, ಬಗ್ಗಿ ಹುಡುಕುತ್ತಿದ್ದಾನೆ. ಬೇರೆ ಕಳಿಸಲಾ ಅಂದೆ. ಬೇಡ ಅಂದ.

ರೀ? ಹೂಂ.

ಮಧ್ಯಾಹ್ನ ಏನು ಮಾಡಲಿ ಅಂತ ಕೇಳಿದೆ. ಸ್ವಲ್ಪ ತಡೆದು, "ಏನರ ಮಾಡು... ತಲಿ ಹಿಡದೈತಿ" ಅಂದ. ಮೇಲೆ ಬಾ ಅಂದೆ. ಇದೊಂದು ಸ್ಕ್ರೂ ಅಂದ. ಮಾತು ನಿಧಾನ, ನಿದ್ದೆಯಿಂದ ಎದ್ದವರ ಹಾಗೆ.

ರೀ?

ಹೂಂ ಬಂತು. ತಡವಾಗಿ.

10.20

ಅತ್ತೆ ಜಳಕ ಮುಗಿಸಿ ಬಂದರು. ಕರಿ ಕನ್ನಡಕ, ಒದ್ದೆ ಕೈಕಾಲು. ಬಗ್ಗಬೇಡಿ ಅಂದರೂ ಬಗ್ಗಿ ಕೆಳಗೆ ನೋಡಿದರು. ಕನ್ನಡಕ ಹಣೆಗೇರಿಸಿ ಮತ್ತೆ ನೋಡಿದರು.

"ಮಲ್ಲವ್ವ. ಆ ದೀಪದ ಕುಡಿ ಯಾಕ ಹಂಗ ಕುಣೀತೈತಿ? ಒಂದ ತಾಳದಾಗ."

ಈಗಲಾದರೂ ಹೇಳಿಬಿಡೋಣ ಅನ್ನಿಸಿತು. ಹೇಳಿದೆ. ನಗುತ್ತಲೇ ಹೇಳಿದೆ. ಬ್ಯಾಟರಿ ಅತ್ತಿ, ಆರೂದ ಇಲ್ಲ, ನಿಮಗ ಚಿಂತೀನ ಇಲ್ಲ.

ಅವರು ಬೈಯಲಿಲ್ಲ. ನನ್ನ ಮುಖವನ್ನು ಅವತ್ತು ನೋಡಿದ ಹಾಗೆ ನೋಡಿದರು. "ಕರಿ ಅವನ್ನ" ಅಂದರು. ಕರೆದೆ. "ಮತ್ತ ಕರಿ." ಕರೆದೆ. ಹೂಂ ಬರಲಿಲ್ಲ. ಇಯರ್‌ಫೋನ್ ಹಾಕಿಕೊಂಡಿರಬೇಕು, ಕೆಲವು ಸಲ ಹಾಕಿಕೊಳ್ಳುತ್ತಾನೆ.

ನಾನು ಏಣಿಗೆ ಕಾಲಿಟ್ಟೆ. ಅತ್ತೆ ರಟ್ಟೆ ಹಿಡಿದು ಎಳೆದು ಕಲ್ಲಿನ ಮೇಲೆ ಕೂರಿಸಿದರು. ಎಷ್ಟು ಬಲ ಆ ಕೈಗೆ. "ನೀ ಇಳೀಬ್ಯಾಡ. ಕರೀತಿರು. ಇಲ್ಲಿಂದ ಏಳಬ್ಯಾಡ." ಗೋಡೆಯತ್ತ ತಿರುಗಿ ಸರ್ದಾರಬೀ ಹೆಸರು ಹಿಡಿದು ಕೂಗಿದರು, ಗಂಡಸರನ್ನು ಕರೆ, ಹಗ್ಗ ತರಲು ಹೇಳು ಅಂದರು. ಹಗ್ಗ ಯಾಕೆ? ಒಳಗೆ ಓಡಿದರು. ಓಡಬಾರದು, ಕಣ್ಣಿಗೆ ಹೊಲಿಗೆ ಇದೆ.

ಕರೆಯುತ್ತಿದ್ದೇನೆ. ಒಂದು ಕೈ ಬರೆಯುತ್ತಿದೆ, ನಿಲ್ಲಿಸಿದರೆ ಮತ್ತೆ ಏಣಿಗೆ ಕಾಲಿಡುತ್ತೇನೆ.

ರೀ. ರೀ. ಪ್ರಭು.

ಹೆಸರು ಹಿಡಿದು ಮೊದಲ ಸಲ ಕರೆದೆ. ಈಗಲಾದರೂ ನಗುತ್ತಾನೆ ಅಂದುಕೊಂಡೆ. ಸ್ಕ್ರೂಡ್ರೈವರ್ ಸದ್ದೂ ಇಲ್ಲ. ಅವನ ಕಾಲು ಕಾಣುತ್ತಿದೆ, ಚಪ್ಪಲಿ ಒಂದು ಕಳಚಿದೆ, ಸೊಪ್ಪೆಯ ಮೇಲೆ ಒರಗಿದ್ದಾನೆ. ಸುಸ್ತಾಗಿ ಕೂತಿದ್ದಾನೆ. ಪಕ್ಕದಲ್ಲಿ ನನ್ನ ಕಂದೀಲು. ಎಷ್ಟು ಚೆನ್ನಾಗಿ ಉರಿಯುತ್ತಿದೆ.

ಅತ್ತೆ ದೇವರ ಜಗಲಿಯ ಮೇಲಿನ ಪಣತಿಯನ್ನೇ ಎತ್ತಿಕೊಂಡು ಬಂದರು, ಅಂಗೈ ಮರೆ ಮಾಡಿ. ಸಣ್ಣ ಬುಟ್ಟಿಯಲ್ಲಿಟ್ಟು ಹಗ್ಗ ಬಿಡುತ್ತಿದ್ದಾರೆ. ಸಣ್ಣ ಕುಡಿ, ಹಳದಿ, ಗಾಳಿಗೆ ಬಾಗುತ್ತಿದೆ. ಎರಡು ಮೆಟ್ಟಿಲು ದಾಟಿತು. ಮೂರು. ಉರಿಯುತ್ತಿದೆ. ಉರಿಯುತ್ತಿದೆ. ಏಣಿಯ ನಡುವಿಗೆ ಬಂತು, ಕುಡಿ ಚಿಕ್ಕದಾಯಿತು, ನೀಲಿ